ಸರ್ ನಾರಾಯಣ ಚಂದಾವರಕರರು: ಒಡನಾಟದಲ್ಲಿ ಬೆಳೆದ ಬಾಳು

ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಹೊಸ ವಿದ್ಯಾರ್ಥಿಗಳು ತರಗತಿಗೆ ಬಂದು ಕುಳಿತಾಗ ಅಧ್ಯಾಪಕರಾದವರ ಕಣ್ಣಿಗೆ ಒಂದು ದೃಶ್ಯವು ತಪ್ಪದೆ ಬೀಳುತ್ತದೆ. ಹಿಂದಿನ ಸಾಲಿನ ಯಾರೋ ಒಬ್ಬರಿಗೆ ಪ್ರಶ್ನೆಯ ಉತ್ತರವು ಗೊತ್ತಿರುತ್ತದೆ. ತುಟಿ ಅಲುಗುತ್ತದೆ, ಕೈ ಅರ್ಧದಷ್ಟು ಮೇಲೇಳುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರು ತಿರುಗಿ ನೋಡಿದರೆಂದು ಮತ್ತೆ ಕೆಳಗಿಳಿಯುತ್ತದೆ. ಬರವಣಿಗೆಯ ಪರೀಕ್ಷೆಯಲ್ಲಿ ಅದೇ ವಿದ್ಯಾರ್ಥಿಗೆ ಉತ್ತಮ ಅಂಕಗಳು ಬರುತ್ತವೆ. ನಾಲ್ಕು ಜನರ ನಡುವೆ ಕುಳಿತು ರೂಢಿಯಿಲ್ಲದ ಈ ಅಂಜಿಕೆಯನ್ನು ನಾವು ಎಷ್ಟೋ ಸಲ ವಿನಯವೆಂದು ಹೊಗಳಿ ಸುಮ್ಮನಾಗುತ್ತೇವೆ. ಮಗುವೂ ಅದನ್ನು ನಂಬಿಬಿಡುತ್ತದೆ. ಮುಂದೆ ಕಾಲೇಜಿಗೆಂದೋ ಉದ್ಯೋಗಕ್ಕೆಂದೋ ದೂರದ ಪಟ್ಟಣಕ್ಕೆ ಹೋದಾಗ ಆ ಹೊಗಳಿಕೆಯ ಬೆಲೆಯನ್ನು ಅವರು ಒಬ್ಬರೇ ತೆರಬೇಕಾಗುತ್ತದೆ.

ಈ ವಿಷಯವನ್ನು ಯೋಚಿಸುವಾಗಲೆಲ್ಲ ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಒಬ್ಬ ಮಹನೀಯರ ನೆನಪಾಗುತ್ತದೆ. ಅವರೇ ಸರ್ ನಾರಾಯಣ ಗಣೇಶ ಚಂದಾವರಕರರು. ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವನ್ನು ಏರಿದವರು, ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದವರು, ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಎಂದು ಅವರ ಪದವಿಗಳನ್ನು ಹೇಳುವುದು ಸುಲಭ. ಆ ಪದವಿಗಳಿಗೆ ಹೋಗುವ ದಾರಿಯು ವಿದ್ಯಾರ್ಥಿದೆಸೆಯ ಸಭೆಗಳಲ್ಲಿ, ಸಂಘಗಳಲ್ಲಿ, ವಾರವಾರವೂ ಒಂದೆಡೆ ಸೇರುವ ರೂಢಿಯಲ್ಲಿ ಹೇಗೆ ತೆರೆಯಿತೆಂಬುದನ್ನು ತಿಳಿಯುವುದು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿ ಈ ಕೆಲವು ಪುಟಗಳನ್ನು ಬರೆಯುತ್ತಿದ್ದೇನೆ.

ನಾರಾಯಣರು ಹುಟ್ಟಿದ್ದು ಹೊನ್ನಾವರದಲ್ಲಿ, 1855ನೆಯ ಇಸವಿ ಡಿಸೆಂಬರ್ 2ರಂದು. ಶರಾವತಿಯು ಘಟ್ಟವನ್ನಿಳಿದು, ಅಗಲವಾಗಿ ಹರಡಿಕೊಂಡು ಸಮುದ್ರವನ್ನು ಸೇರುವ ಆ ಊರನ್ನು ನೋಡದವರು ನಮ್ಮಲ್ಲಿ ಕಡಿಮೆ. ಹೊನ್ನಾವರಕ್ಕೂ ಕುಮಟೆಗೂ ನಡುವೆ ಇರುವ ಚಂದಾವರ ಎಂಬ ಹಳ್ಳಿಯ ಹೆಸರೇ ಆ ಮನೆತನದ ಅಡ್ಡಹೆಸರಾಯಿತು. ಅವರ ಸೋದರಮಾವ ಶಾಮರಾವ ವಿಠ್ಠಲರ ಅಡ್ಡಹೆಸರು ಕಾಯ್ಕಿಣಿ. ಅದು ಭಟ್ಕಳ ತಾಲೂಕಿನ ಒಂದು ಊರು. ಅವರ ಸಾರಸ್ವತ ಸಮಾಜದ ಗುರುಪೀಠವಾದ ಚಿತ್ರಾಪುರ ಮಠವೂ ಭಟ್ಕಳ ತಾಲೂಕಿನ ಶಿರಾಲಿಯಲ್ಲಿಯೇ ಇದೆ. ಹೀಗೆ ಈ ಊರುಗಳ ಮಣ್ಣಿನ ನಂಟು ಆ ಬಾಲಕನಿಗೆ ಹುಟ್ಟಿನಿಂದಲೇ ಬಂದಿತ್ತು.

ಅವರು ಇನ್ನೂ ಚಿಕ್ಕ ಹುಡುಗನಾಗಿದ್ದಾಗ, 1862ರಲ್ಲಿ, ಸರಕಾರವು ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ನಮ್ಮ ಬಂದರುಗಳಿಂದ ಮುಂಬಯಿಗೆ ಸಾಗುತ್ತಿದ್ದ ಕಾಲವದು. ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಿತ್ತು. ಬೆಳೆಯುವ ಸೀಮೆಯೂ ಬಂದರೂ ಒಂದೇ ಆಡಳಿತಕ್ಕೆ ಒಳಪಡಲೆಂಬ ವ್ಯಾಪಾರಿಗಳ ಒತ್ತಾಯವು ಈ ಬದಲಾವಣೆಗೆ ಮುಖ್ಯ ಕಾರಣವಾಯಿತು. ಹತ್ತಿಗಾಗಿ ಆದ ಈ ಏರ್ಪಾಡು ಮಕ್ಕಳ ಹಣೆಬರಹವನ್ನೂ ತಿದ್ದಿತೆನ್ನಬೇಕು. ಅದುವರೆಗೆ ಮದರಾಸಿನ ಕಡೆಗೆ ನೋಡುತ್ತಿದ್ದ ಹೊನ್ನಾವರ, ಕುಮಟೆಗಳ ಓದುಬರಹದ ಮನೆತನಗಳು ಮುಂಬಯಿಯ ಕಡೆಗೆ ಮುಖ ಮಾಡಿದವು. 1857ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವು ಅಲ್ಲಿತ್ತು. ಹೈಕೋರ್ಟೂ ಅಲ್ಲಿಯೇ ನೆಲೆಗೊಂಡಿತು.

ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಸುಮಾರು 130 ವರ್ಷ ಹಿಂದೆ ಊರು ಬಿಟ್ಟು ಹೊರಟವರಿಗೆ ಇದ್ದುದು ಸಮುದ್ರದ ದಾರಿ, ಇಲ್ಲವೇ ಘಟ್ಟದ ದಾರಿ. ಮಳೆಗಾಲದಲ್ಲಿ ಮಚವೆಗಳು ದಡ ಸೇರಿದರೆ ನಾಲ್ಕು ತಿಂಗಳು ಸಮುದ್ರದ ದಾರಿಯೂ ಇಲ್ಲ. ನಾರಾಯಣರು ಹದಿಹರೆಯದ ಆರಂಭದಲ್ಲಿ ಹೀಗೆ ಮುಂಬಯಿಯನ್ನು ಸೇರಿದರು. ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ, ಊರಿನ ಭಾಷೆ ಕನ್ನಡ. ಮುಂಬಯಿಯ ಬೀದಿಯಲ್ಲಿ ಕಿವಿಗೆ ಬೀಳುವುದು ಮರಾಠಿ ಮತ್ತು ಗುಜರಾತಿ, ತರಗತಿಯಲ್ಲಿ ಇಂಗ್ಲಿಷು. ಇಂಥ ಹುಡುಗನು ಮೊದಮೊದಲು ಬಾಯಿ ಬಿಡಲು ಎಷ್ಟು ಸಂಕೋಚಪಟ್ಟಿರಬಹುದೆಂಬುದನ್ನು ಯಾವ ಗ್ರಂಥವೂ ಹೇಳಬೇಕಾಗಿಲ್ಲ. ಹಳ್ಳಿಯಿಂದ ಪಟ್ಟಣದ ವಸತಿಗೃಹಕ್ಕೆ ಹೋದ ಯಾರಾದರೂ ಅದನ್ನು ಊಹಿಸಬಲ್ಲರು.

ಆದರೆ ಅವರಿಗೆ ಒಂದು ಭಾಗ್ಯವಿತ್ತು. ಸೋದರಮಾವ ಶಾಮರಾವ ವಿಠ್ಠಲರು ಮುಂಬಯಿಯಲ್ಲಿ ವಕೀಲರಾಗಿ ನೆಲೆಸಿ ಊರಿನ ತರುಣರಿಗೆ ಹಿರಿಯಣ್ಣನಂತೆ ಇದ್ದವರು. ಶಾಮರಾಯರ ಹೆಸರನ್ನು ನಾವು ಬಹುಕಾಲ ಒಂದು ಬ್ಯಾಂಕಿನ ಹಲಗೆಯ ಮೇಲೆ ಓದುತ್ತಿದ್ದೆವು. ಅವರ ಶಿಷ್ಯರಾದ ಶ್ರೀಪಾದ ಸುಬ್ಬರಾವ ತಲ್ಮಕಿಯವರು ಗುರುವಿನ ನೆನಪಿಗಾಗಿ 1906ರಲ್ಲಿ ಮುಂಬಯಿಯಲ್ಲಿ ಆ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಪರಸ್ಥಳಕ್ಕೆ ಬಂದ ಹುಡುಗನಿಗೆ ತನ್ನ ಮಾತು ಬಲ್ಲ ಒಂದು ಮನೆಯಿದ್ದರೆ ಅಪರಿಚಿತರ ಸಭೆಗೆ ಹೋಗುವ ಧೈರ್ಯವೂ ಬರುತ್ತದೆ. ಮನೆಯಲ್ಲಿಯೇ ಉಳಿಯುವ ಆಸೆಯೂ ಅಷ್ಟೇ ಬಲವಾಗಿರುತ್ತದೆಂಬುದು ಬೇರೆ ಮಾತು. ನಾರಾಯಣರು ಹಾಗೆ ಉಳಿಯಲಿಲ್ಲ.

ಅವರು ಓದಿದ್ದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತನ ಮೊಮ್ಮಗನಾದ ವಿಲಿಯಂ ವರ್ಡ್ಸ್‌ವರ್ತ್ ಎಂಬವರು ಅಲ್ಲಿ ಪ್ರಾಂಶುಪಾಲರಾಗಿದ್ದರು. ಕಾಲೇಜಿನ ಪಾಠಕ್ಕಿಂತ ಮಿಗಿಲಾಗಿ ಅಲ್ಲಿ ಒಂದು ಪರಂಪರೆಯಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದೇ. 1848ರಲ್ಲಿ ಆ ವಿದ್ಯಾಸಂಸ್ಥೆಯ ತರುಣರು ಸೇರಿ ವಿದ್ಯಾರ್ಥಿಗಳ ಸಾಹಿತ್ಯ ಮತ್ತು ವಿಜ್ಞಾನ ಸಭೆಯೊಂದನ್ನು ಸ್ಥಾಪಿಸಿದ್ದರು. ದಾದಾಭಾಯಿ ನವರೋಜಿಯವರು ಅದರ ಆರಂಭದ ಕಾರ್ಯಕರ್ತರಲ್ಲೊಬ್ಬರು. ಒಬ್ಬರು ಪ್ರಬಂಧವನ್ನು ಓದುವುದು, ಉಳಿದವರು ಅದರ ಮೇಲೆ ಚರ್ಚಿಸುವುದು, ಇದು ಆ ಸಭೆಯ ಕ್ರಮ. ಇಂಗ್ಲಿಷಿನಲ್ಲಿ ಮಾತಾಡಲಾಗದವರಿಗೆಂದು ಮರಾಠಿ ಮತ್ತು ಗುಜರಾತಿ ಶಾಖೆಗಳನ್ನೂ ತೆರೆದರು. ಅಷ್ಟಕ್ಕೇ ನಿಲ್ಲದೆ, ಮರುವರ್ಷವೇ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದು, ಸದಸ್ಯರು ತಾವೇ ಬೆಳಗಿನ ಹೊತ್ತು ಯಾವ ವೇತನವೂ ಇಲ್ಲದೆ ಪಾಠ ಹೇಳಿದರು. ಓದುತ್ತಿರುವವನೇ ಓದಿಸುವವನೂ ಆಗಬಹುದೆಂಬುದು ಅಂದಿಗೆ ಹೊಸ ಸಂಗತಿ. ನಾರಾಯಣರು ಕಾಲೇಜಿಗೆ ಬರುವ ಹೊತ್ತಿಗೆ ಈ ರೂಢಿಯು ಇಪ್ಪತ್ತು ವರ್ಷಕ್ಕೂ ಹಳೆಯದಾಗಿ ಬೇರುಬಿಟ್ಟಿತ್ತು. ಅವರಿಗಿಂತ ಐದು ವರ್ಷ ಹಿರಿಯರಾದ ಕಾಶೀನಾಥ ತ್ರಿಂಬಕ ತೇಲಂಗರು ಇಂಥ ವಾತಾವರಣದಲ್ಲಿಯೇ ಬೆಳೆದು ಸಭಾಕುಶಲರೆಂದು ಹೆಸರು ಪಡೆದಿದ್ದರು.

ಇನ್ನೊಂದು ಕೂಟವು ಪ್ರಾರ್ಥನಾ ಸಮಾಜ. 1867ರ ಮಾರ್ಚ್ 31ರಂದು ಮುಂಬಯಿಯಲ್ಲಿ ಹುಟ್ಟಿದ ಈ ಸಮಾಜಕ್ಕೆ ಹಿಂದಿನ ಒಂದು ಕಹಿ ಅನುಭವವಿತ್ತು. 1849ರ ಸುಮಾರಿಗೆ ಪರಮಹಂಸ ಸಭೆ ಎಂಬ ಗುಪ್ತ ಸಂಘವೊಂದು ಅಲ್ಲಿ ಏರ್ಪಟ್ಟಿತ್ತು. ಜಾತಿಭೇದವನ್ನು ಒಪ್ಪದ ತರುಣರು ಬಾಗಿಲು ಮುಚ್ಚಿಕೊಂಡು ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು, ಹೊರಗೆ ಬಂದು ಸುಮ್ಮನಿರುತ್ತಿದ್ದರು. 1860ರ ಹೊತ್ತಿಗೆ ಸದಸ್ಯರ ಹೆಸರಿನ ಪಟ್ಟಿಯು ಹೊರಬಿದ್ದಿತು, ಸಭೆಯು ಚದುರಿಹೋಯಿತು. ಕತ್ತಲೆಯಲ್ಲಿ ಕಲಿತ ಧೈರ್ಯವು ಬೆಳಕಿಗೆ ಬಂದಾಗ ನಿಲ್ಲಲಿಲ್ಲ. ಪ್ರಾರ್ಥನಾ ಸಮಾಜದವರು ಬಾಗಿಲನ್ನು ತೆರೆದಿಟ್ಟರು. ವಾರಕ್ಕೊಮ್ಮೆ ಸೇರುವುದು, ಪ್ರಾರ್ಥನೆ, ತುಕಾರಾಮ ಮೊದಲಾದ ಸಂತರ ಅಭಂಗಗಳು, ಅನಂತರ ಒಬ್ಬರ ಉಪದೇಶ. ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರರಂತಹ ಪಂಡಿತರು ಅಲ್ಲಿ ಮಾತಾಡುತ್ತಿದ್ದರು. ಕೇಳುವ ಸಾಲಿನಲ್ಲಿ ಕಾಲೇಜಿನ ತರುಣರು ಕುಳಿತಿರುತ್ತಿದ್ದರು. 1870ರ ದಶಕದಲ್ಲಿ ಸಮಾಜಕ್ಕೆ ತನ್ನದೇ ಮಂದಿರವಾಯಿತು, ವಾರಪತ್ರಿಕೆಯಾಯಿತು, ಕೂಲಿಕಾರರಿಗೆ ರಾತ್ರಿಯ ಶಾಲೆಗಳಾದವು. ನಾರಾಯಣರು ಈ ಸಮಾಜಕ್ಕೆ ಸೇರಿ ಕೊನೆಯವರೆಗೂ ಬಿಡಲಿಲ್ಲ. ಕೇಳುವ ಸಾಲಿನಿಂದ ಎದ್ದು ಉಪದೇಶಕರ ಪೀಠಕ್ಕೆ ಹೋದರು. ರಾನಡೆಯವರು 1901ರ ಜನವರಿಯಲ್ಲಿ ತೀರಿಕೊಂಡ ಮೇಲೆ ಸಮಾಜದ ಮುಂದಾಳುತನವೂ ಅವರ ಹೆಗಲಿಗೆ ಬಂದಿತು. ತುಕಾರಾಮನ ಅಭಂಗಗಳನ್ನು ಹಿಡಿದು ಅವರು ಮಾಡುತ್ತಿದ್ದ ಪ್ರವಚನಗಳು ಪ್ರಸಿದ್ಧವಾದವು. ಮರಾಠಿಯು ಅವರ ತಾಯಿನುಡಿಯಲ್ಲವೆಂಬುದನ್ನು ಓದುಗರು ಮರೆಯಬಾರದು.

ಈ ವಾರದ ಕೂಟಗಳ ಗುಣವೇನೆಂದು ಕೇಳಿದರೆ, ನನಗೆ ತೋಚುವುದು ಇಷ್ಟು. ವರ್ಷಕ್ಕೊಮ್ಮೆ ಸ್ನೇಹಸಮ್ಮೇಳನದ ವೇದಿಕೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ ಭಾಷಣದಿಂದ ಅಂಜಿಕೆಯು ಹೋಗುವುದಿಲ್ಲ. ಆ ದಿನ ಕಳೆದರೆ ಸಾಕೆಂಬ ಭಾವನೆಯೇ ಹೆಚ್ಚುತ್ತದೆ. ಅದೇ ಜನರ ನಡುವೆ ಮುಂದಿನ ವಾರವೂ ಕುಳಿತುಕೊಳ್ಳಬೇಕಾದಾಗ ಇಂದಿನ ತಪ್ಪು ದೊಡ್ಡದಾಗಿ ಕಾಣುವುದಿಲ್ಲ. ಮೊದಲು ಕೇಳಬೇಕು, ಆಮೇಲೆ ಹತ್ತಿರದವರೊಡನೆ ಒಂದು ಮಾತು, ಮತ್ತೊಂದು ದಿನ ಸಭೆಯ ಯಾವುದೋ ಸಣ್ಣ ಕೆಲಸ, ಚಾಪೆ ಹಾಸುವುದಾದರೂ ಸರಿ. ಎದ್ದು ನಿಂತು ಮಾತಾಡುವುದು ಇವೆಲ್ಲವುಗಳ ಅನಂತರ ತಾನಾಗಿ ಬರುವಂಥದು. ನಮ್ಮ ಶಾಲೆಗಳ ಚರ್ಚಾಕೂಟಗಳಲ್ಲಿ ಎಂದಿನ ನಾಲ್ಕು ಜಾಣರೇ ಮಾತಾಡಿ ಉಳಿದವರು ಚಪ್ಪಾಳೆ ತಟ್ಟುವ ಪದ್ಧತಿಯನ್ನು ನೋಡಿದಾಗ ನನಗೆ ಸ್ವಲ್ಪ ಬೇಸರವೇ ಆಗುತ್ತದೆ.

ಪದವಿಯನ್ನು ಪಡೆದ ಮೇಲೆ ನಾರಾಯಣರು ಕೆಲವು ಕಾಲ ಅದೇ ಕಾಲೇಜಿನಲ್ಲಿ ದಕ್ಷಿಣಾ ಫೆಲೊ ಆಗಿದ್ದರು. ಪೇಶವೆಗಳು ಪಂಡಿತರಿಗೆ ಕೊಡುತ್ತಿದ್ದ ದಕ್ಷಿಣೆಯ ಹಣವನ್ನು ಇಂಗ್ಲಿಷ್ ಸರಕಾರವು ವಿದ್ಯೆಯ ಕಡೆಗೆ ತಿರುಗಿಸಿ ಏರ್ಪಡಿಸಿದ ಸ್ಥಾನವದು. ನಿನ್ನೆಯವರೆಗೆ ಬೆಂಚಿನ ಮೇಲಿದ್ದವನು ಇಂದು ಕಿರಿಯರಿಗೆ ಪಾಠ ಹೇಳುವ ಅವಕಾಶ. 1881ರಲ್ಲಿ ಕಾಯಿದೆಯ ಪದವಿಯಾಯಿತು. ಇದೇ ವರ್ಷಗಳಲ್ಲಿ ಇಂದುಪ್ರಕಾಶ ಎಂಬ ವಾರಪತ್ರಿಕೆಯ ಇಂಗ್ಲಿಷ್ ಭಾಗವನ್ನು ಅವರು ಸಂಪಾದಿಸುತ್ತಿದ್ದರು. ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡುತ್ತಿದ್ದ ಆ ಪತ್ರಿಕೆಯ ಹೊಣೆಯನ್ನು ಸುಮಾರು ಹತ್ತು ವರ್ಷ ಹೊತ್ತರು.

ಅವರ ಧೈರ್ಯದ ನಿಜವಾದ ಪರೀಕ್ಷೆಯು 1885ರಲ್ಲಿ ಬಂದಿತು. ಆ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಮಹಾಚುನಾವಣೆಯಿತ್ತು. ಹಿಂದಿನ ವರ್ಷದ ಕಾನೂನಿನಿಂದ ಹಳ್ಳಿಯ ಕೂಲಿಕಾರರಿಗೂ ಗಣಿಯ ಕಾರ್ಮಿಕರಿಗೂ ಮತದ ಹಕ್ಕು ಬಂದಿತ್ತು. ಈ ಹೊಸ ಮತದಾರರ ಮುಂದೆ ಭಾರತದ ಕಷ್ಟಸುಖಗಳನ್ನು ಇಡಬೇಕೆಂದು ಇಲ್ಲಿಯ ಸಂಘಗಳು ನಿಶ್ಚಯಿಸಿ ಮೂವರನ್ನು ಆರಿಸಿದವು: ಬಂಗಾಲದಿಂದ ಮನಮೋಹನ ಘೋಷ್, ಮದರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರ್, ಮುಂಬಯಿಯಿಂದ ನಾರಾಯಣ ಚಂದಾವರಕರ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಊರಿಂದೂರಿಗೆ ಹೋಗಿ ಸಾರ್ವಜನಿಕ ಸಭೆಗಳಲ್ಲಿ ಪರಭಾಷೆಯಲ್ಲಿ ಮಾತಾಡಬೇಕು. ಕೇಳುವವರಲ್ಲಿ ಅನೇಕರಿಗೆ ಭಾರತವು ಎಲ್ಲಿದೆಯೆಂಬುದೂ ಸರಿಯಾಗಿ ತಿಳಿಯದು. ಚುನಾವಣೆಯ ಫಲವು ಇವರು ಬಯಸಿದಂತೆ ಆಗಲಿಲ್ಲ. ಲಂಡನ್ನಿನ ಡೆಪ್ಟ್‌ಫರ್ಡ್ ಕ್ಷೇತ್ರದಲ್ಲಿ ನಿಂತಿದ್ದ ಲಾಲಮೋಹನ ಘೋಷರು ಸೋತರು. ಆದರೆ ಹೊನ್ನಾವರದಲ್ಲಿ ಹುಟ್ಟಿದ ತರುಣನೊಬ್ಬನು ಆಳುವವರ ನಾಡಿನಲ್ಲಿ ಅವರದೇ ಜನರೆದುರು ನಿಂತು ತಡವರಿಸದೆ ಮಾತಾಡಿ ಬಂದನು. ಆ ಪ್ರವಾಸದ ಅನುಭವಗಳನ್ನು ಅವರು ಅನಂತರ ಇಂಗ್ಲಿಷಿನಲ್ಲಿ ಪುಸ್ತಕವಾಗಿಯೂ ಬರೆದರು. ಡಿಸೆಂಬರಿನ ಕೊನೆಯಲ್ಲಿ ಅವರು ಮರಳಿದಾಗ ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆಯಲ್ಲಿ 72 ಪ್ರತಿನಿಧಿಗಳು ಸೇರಿದ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದ ಸಂಭ್ರಮವಿತ್ತು.

ಸಂಭ್ರಮದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಮುದ್ರಯಾನ ಮಾಡಿದವರನ್ನು ಪಂಕ್ತಿಯಿಂದ ದೂರವಿಡುವ ಕಟ್ಟು ಅಂದು ಬಲವಾಗಿತ್ತು. ಸಾರಸ್ವತರಲ್ಲಿಯೂ ಈ ವಿವಾದವು ಹಲವು ವರ್ಷ ನಡೆಯಿತು. ಸಾವಿರ ಜನ ಪರಕೀಯರೆದುರು ಮಾತಾಡುವುದು ಕಷ್ಟವೋ, ತನ್ನವರೇ ಎಲೆ ಹಾಕಲು ಹಿಂಜರಿಯುವಾಗ ಮನಸ್ಸನ್ನು ಕಹಿಮಾಡಿಕೊಳ್ಳದೆ ಇರುವುದು ಕಷ್ಟವೋ, ಹೇಳಬಲ್ಲವರು ಯಾರು?

ಮುಂದಿನ ಉನ್ನತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1900ರಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ಒಂದು ದಶಕಕ್ಕೂ ಮಿಕ್ಕಿ ಆ ಪೀಠದಲ್ಲಿದ್ದರು. 1910ರಲ್ಲಿ ಸರ್ ಪದವಿ ಬಂದಿತು. ಕೆಲವು ಕಾಲ ಇಂದೋರ ಸಂಸ್ಥಾನದ ದಿವಾನಗಿರಿ. ಉಪಕುಲಪತಿಯ ಪೀಠವನ್ನು ಅವರ ಅನಂತರ 1930ರ ದಶಕದಲ್ಲಿ ಅವರ ಪುತ್ರ ವಿಠ್ಠಲ ಚಂದಾವರಕರರೂ ಅಲಂಕರಿಸಿದರೆಂಬುದು ವಿಶೇಷ.

ನ್ಯಾಯಮೂರ್ತಿಗಳಾದ ಮೇಲೆ ರಾಜಕೀಯ ವೇದಿಕೆಯನ್ನು ಬಿಡಬೇಕಾಯಿತು. ವಿದ್ಯಾರ್ಥಿಗಳ ಸಂಗವನ್ನು ಮಾತ್ರ ಬಿಡಲಿಲ್ಲ. ಮುಂಬಯಿಯ ಸ್ಟೂಡೆಂಟ್ಸ್ ಬ್ರದರ್‌ಹುಡ್ ಎಂಬ ವಿದ್ಯಾರ್ಥಿ ಬಳಗಕ್ಕೆ ಅವರು ಹಿರಿಯರಾಗಿ ನಿಂತು ಉಪನ್ಯಾಸಗಳನ್ನು ಕೊಟ್ಟರು. 1911ರಲ್ಲಿ ಪ್ರಕಟವಾದ ಅವರ ಭಾಷಣ ಮತ್ತು ಲೇಖನಗಳ ದೊಡ್ಡ ಸಂಪುಟದಲ್ಲಿ ಯುವಕರಿಗೆ ಹೇಳಿದ ಮಾತುಗಳೂ ಸೇರಿವೆ. ಅದೇ ವರ್ಷ ನಾರಾಯಣ ಮಲ್ಹಾರ ಜೋಶಿಯವರು ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗನ್ನು ಆರಂಭಿಸಿದಾಗ ಅದರ ಅಧ್ಯಕ್ಷತೆಯನ್ನೂ ವಹಿಸಿದರು. ತಾವು ತರುಣರಾಗಿದ್ದಾಗ ಹಿರಿಯರು ತೆರೆದಿಟ್ಟ ಬಾಗಿಲಲ್ಲಿ ಈಗ ತಾವೇ ನಿಂತರು.

ಒಡನಾಟವೆಂದರೆ ತಮ್ಮಂಥವರೊಡನೆ ಕೂಡುವುದು ಮಾತ್ರವೆಂದು ಅವರು ಎಣಿಸಲಿಲ್ಲ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ವಿದ್ಯಾಭ್ಯಾಸಕ್ಕಾಗಿ ಮಿಶನ್ ಒಂದನ್ನು ತೆರೆದರು. ಶಿಂದೆಯವರು ಕಾರ್ಯದರ್ಶಿ, ಚಂದಾವರಕರರು ಅಧ್ಯಕ್ಷರು. ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಅಂಥ ಸಂಸ್ಥೆಗೆ ಹೆಸರು ಕೊಡುವುದು ಅಂದು ಸಣ್ಣ ಮಾತಲ್ಲ. 1912ರಲ್ಲಿ ಅವರ ಅಧ್ಯಕ್ಷತೆಯ ಆರ್ಯನ್ ಬ್ರದರ್‌ಹುಡ್ ಎಂಬ ಸಂಘವು ಮುಂಬಯಿಯಲ್ಲಿ ಸಮ್ಮೇಳನವನ್ನು ನಡೆಸಿ, ಬೇರೆ ಬೇರೆ ಜಾತಿಯವರು ಬಹಿರಂಗವಾಗಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಏರ್ಪಾಡು ಮಾಡಿತು. ದೊಡ್ಡ ಗದ್ದಲವಾಯಿತು. ಉಂಡವರಲ್ಲಿ ಕೆಲವರು ತಮ್ಮ ತಮ್ಮ ಜಾತಿಯವರ ದಂಡನೆಗೆ ಗುರಿಯಾಗಬೇಕಾಯಿತು. ಪರಮಹಂಸ ಸಭೆಯ ಮುಚ್ಚಿದ ಬಾಗಿಲಿನಿಂದ ಈ ಬಹಿರಂಗ ಪಂಕ್ತಿಯವರೆಗೆ ಅರವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಅವರ ಬಾಳಿನಲ್ಲಿ ನಮ್ಮ ಮನಸ್ಸು ಒಪ್ಪದ ಸಂಗತಿಯೂ ಇದೆ. ಅದನ್ನು ಮುಚ್ಚಿಟ್ಟು ಚರಿತ್ರೆಯನ್ನು ಬರೆಯಬಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿದ್ದ ಬಂಗಾಲದ ದೇಶಭಕ್ತರ ಕಾಗದಪತ್ರಗಳನ್ನು ಪರಿಶೀಲಿಸಲು ಸರಕಾರವು 1918ರಲ್ಲಿ ಬೀಚ್‌ಕ್ರಾಫ್ಟ್ ಮತ್ತು ಚಂದಾವರಕರರನ್ನು ನೇಮಿಸಿತು. ಅವರು 806 ಪ್ರಕರಣಗಳನ್ನು ನೋಡಿ ಆರು ಜನರ ಬಿಡುಗಡೆಗೆ ಮಾತ್ರ ಶಿಫಾರಸು ಮಾಡಿದರು. ಅಷ್ಟು ಜನರ ಮಾತಿಗೆ ಕಿವಿಗೊಟ್ಟು ಬೆಳೆದವರು ಇಲ್ಲಿ ಸರಕಾರದ ಕಾಗದವನ್ನೇ ಅಷ್ಟೊಂದು ನಂಬಿದರೇಕೆ ಎಂದು ಓದುಗರಿಗೆ ನೋವಾಗುತ್ತದೆ. ಎರಡು ವರ್ಷಗಳ ಅನಂತರ, 1920ರಲ್ಲಿ, ಪಂಜಾಬಿನ ಹತ್ಯಾಕಾಂಡವನ್ನು ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು ಮುಂಬಯಿಯಲ್ಲಿ ಸೇರಿದ ಸಭೆಗೆ ಅವರೇ ಅಧ್ಯಕ್ಷರಾದರು. ಗಾಂಧೀಜಿಯವರು ಆ ಸಭೆಯಲ್ಲಿ ಭಾಗವಹಿಸಿದರು. ಅದೇ ವರ್ಷ ಅಸಹಕಾರ ಚಳವಳಿಯನ್ನು ವಿರೋಧಿಸಿ ಹೊರಟ ಮನವಿಗೂ ಅವರು ಸಹಿ ಮಾಡಿದರು. ಗಾಂಧೀಜಿಯವರು ಅದಕ್ಕೆ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಉತ್ತರವನ್ನು ಬರೆದರು. ಜನರ ಪ್ರವಾಹವೆಲ್ಲ ಒಂದು ಕಡೆಗೆ ಹರಿಯುತ್ತಿದ್ದಾಗ ಅದರೆದುರು ನಿಂತು ತಮ್ಮ ಅಭಿಪ್ರಾಯವನ್ನು ಹೇಳಿದರು. ಆ ಅಭಿಪ್ರಾಯವು ನಮಗೆ ಸಮ್ಮತವಾಗದಿರಬಹುದು. ಹೇಳಿದ ಎದೆಗಾರಿಕೆಯನ್ನು ಮಾತ್ರ ಅಲ್ಲಗಳೆಯಲಾಗದು.

1921ರಲ್ಲಿ ಹೊಸ ಸುಧಾರಣೆಗಳಂತೆ ಏರ್ಪಟ್ಟ ಮುಂಬಯಿ ವಿಧಾನ ಪರಿಷತ್ತಿಗೆ ಅವರು ಅಧ್ಯಕ್ಷರಾದರು. ಸರಕಾರಿ ಅಧಿಕಾರಿಯಲ್ಲದವರೊಬ್ಬರು ಆ ಪೀಠದಲ್ಲಿ ಕುಳಿತದ್ದು ಅದೇ ಮೊದಲು. ವಿದ್ಯಾರ್ಥಿಯಾಗಿದ್ದಾಗ ಹಿರಿಯರ ಮಾತನ್ನು ಕೇಳುತ್ತ ಕುಳಿತವರಿಗೆ ಕೊನೆಯ ವರ್ಷಗಳಲ್ಲಿ ದೊರೆತ ಕೆಲಸವೂ ಕೇಳುವುದೇ. ಯಾರು ಮೊದಲು, ಯಾರು ಅನಂತರ ಎಂದು ಗೊತ್ತುಮಾಡುವುದು, ಗದ್ದಲದಲ್ಲಿ ಮೆಲುದನಿಯವರಿಗೂ ಸರದಿ ತಪ್ಪದಂತೆ ನೋಡಿಕೊಳ್ಳುವುದು. ಆ ಹೊಣೆಯಲ್ಲಿರುವಾಗಲೇ, 1923ರ ಮೇ 14ರಂದು, ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 67 ವರ್ಷ ವಯಸ್ಸು.